ಚಿತ್ರದಲ್ಲಿ ಇಲ್ಲದ ಗಡ್ಡೆಗೆ ಗುರಿಯಿಡುವಾಗ

ಸ್ತನವನ್ನು ಉಳಿಸಿಕೊಂಡು ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆಸಿಕೊಂಡು ವಿಕಿರಣ ಚಿಕಿತ್ಸೆಗೆ ಬರುವವರಲ್ಲಿ ನಾನು ಗುರಿಯಿಡಬೇಕಾದ ಗಡ್ಡೆಯೇ ಇರುವುದಿಲ್ಲ. ಅದು ಇದ್ದ ಜಾಗ ಮಾತ್ರ ಉಳಿದಿರುತ್ತದೆ. ಇಡೀ ಸ್ತನಕ್ಕೆ ವಿಕಿರಣ ಕೊಡುವುದು ಅಷ್ಟು ಕಷ್ಟವಲ್ಲ. ಆ ಜಾಗಕ್ಕೆ ಹೆಚ್ಚುವರಿ ಪ್ರಮಾಣವಾಗಿ ಬೂಸ್ಟ್ ಕೊಡಬೇಕಾದಾಗ ಮಾತ್ರ, ಅದನ್ನು ಸಿಟಿ ಚಿತ್ರಗಳಲ್ಲಿ ಗುರುತಿಸುವುದರಲ್ಲೇ ನನ್ನ ಹೆಚ್ಚಿನ ಸಮಯ ಹೋಗುತ್ತದೆ.

ಯೋಜನೆಗೆ ಆಧಾರ ಸಿಟಿ ಚಿತ್ರವೇ. ಅದರ ಅಂಕಿಗಳನ್ನು ಅಂಗಾಂಶದ ಎಲೆಕ್ಟ್ರಾನ್ ಸಾಂದ್ರತೆಗೆ ಪರಿವರ್ತಿಸಿಯೇ ಕಂಪ್ಯೂಟರ್ ವಿಕಿರಣದ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ರೋಗಿಯನ್ನು ಬ್ರೆಸ್ಟ್ ಬೋರ್ಡ್ ಮೇಲೆ ಅಂಗಾತ ಮಲಗಿಸಿ, ಕೈಯನ್ನು ತಲೆಯ ಮೇಲಕ್ಕೆ ಇರಿಸಿ, ಗಾಯದ ಕಲೆಯ ಮೇಲೆಯೂ ಕೈಗೆ ಸಿಗುವ ಸ್ತನದ ಅಂಚಿನ ಮೇಲೆಯೂ ತೆಳು ತಂತಿ ಅಂಟಿಸಿ, 2ರಿಂದ 3 ಮಿಲಿಮೀಟರ್ ಅಂತರದ ಪದರಗಳಲ್ಲಿ ಚಿತ್ರ ತೆಗೆಸುತ್ತೇನೆ. ಕಂಕುಳಿನ ಶಸ್ತ್ರಚಿಕಿತ್ಸೆಯ ನಂತರ ಭುಜ ಬಿಗಿದಿದ್ದರೆ ಮೊದಲು ವ್ಯಾಯಾಮಕ್ಕೆ ಕಳುಹಿಸುತ್ತೇನೆ, ಏಕೆಂದರೆ ನೋವು ಸಹಿಸಿಕೊಂಡು ಒಂದು ದಿನ ಹಿಡಿದ ಭಂಗಿ ಚಿಕಿತ್ಸೆಯ ಉಳಿದ ದಿನಗಳಲ್ಲಿ ಹಾಗೆಯೇ ಸಿಗುವುದಿಲ್ಲ.

ಗಡ್ಡೆಯ ಜಾಗಕ್ಕೆ ನಾನು ಹೆಚ್ಚು ನಂಬುವುದು ಶಸ್ತ್ರಚಿಕಿತ್ಸಕರು ಒಳಗೆ ಬಿಟ್ಟಿರುವ ಟೈಟೇನಿಯಂ ಕ್ಲಿಪ್‌ಗಳನ್ನು. ಗಾಯದ ಕಲೆಯನ್ನು ಅಷ್ಟು ನಂಬಲಾಗದು. ಅಂದಕ್ಕಾಗಿ ಮೊಲೆತೊಟ್ಟಿನ ಸುತ್ತ ಕೊಯ್ದು, ದೂರದಲ್ಲಿರುವ ಗಡ್ಡೆಯನ್ನು ಅಲ್ಲಿಂದಲೇ ತೆಗೆಯುವುದುಂಟು. ಗಾಯದ ಗೂಡಿನಲ್ಲಿ ತುಂಬಿಕೊಳ್ಳುವ ದ್ರವ ಸಿಟಿಯಲ್ಲಿ ಕಾಣುತ್ತದಾದರೂ ವಾರಗಳು ಕಳೆದಂತೆ ಕುಗ್ಗುತ್ತದೆ. ಹಳೆಯ ಮ್ಯಾಮೊಗ್ರಾಂ ತೆಗೆದದ್ದು ಸ್ತನವನ್ನು ಒತ್ತಿ ಹಿಡಿದು, ಎಂಆರ್‌ಐ ತೆಗೆದದ್ದು ಬೋರಲು ಮಲಗಿಸಿ. ಆದ್ದರಿಂದ ಅವುಗಳನ್ನು ಸಿಟಿಯ ಮೇಲೆ ನೇರವಾಗಿ ಹೊಂದಿಸಲು ಹೋಗದೆ, ಗಡ್ಡೆ ಯಾವ ಭಾಗದಲ್ಲಿತ್ತು, ತೊಟ್ಟಿನಿಂದ ಎಷ್ಟು ದೂರ, ಎದೆಯ ಸ್ನಾಯುವಿಗೆ ಎಷ್ಟು ಹತ್ತಿರ ಎಂಬುದನ್ನಷ್ಟೇ ಓದಿಕೊಳ್ಳುತ್ತೇನೆ. ಅಂಗಾಂಶವನ್ನು ಸರಿಸಿ ಸ್ತನದ ಆಕಾರ ತಿದ್ದಿದ್ದರೆ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಕೇಳುವುದೇ ಲೇಸು. ವರದಿಯಲ್ಲಿ ಬರೆಯದೆ ಬಿಟ್ಟದ್ದು ಮಾತಿನಲ್ಲಿ ಹೊರಬರುತ್ತದೆ.

ಎಡ ಸ್ತನವಾದರೆ ಹೃದಯದ ಚಿಂತೆ ಜೊತೆಗೂಡುತ್ತದೆ. ಹೃದಯಕ್ಕೆ ತಗಲುವ ಸರಾಸರಿ ಪ್ರಮಾಣ 1 ಗ್ರೇ (ವಿಕಿರಣ ಪ್ರಮಾಣದ ಅಳತೆ) ಹೆಚ್ಚಿದಂತೆಲ್ಲ ಹೃದಯದ ರಕ್ತನಾಳಗಳ ಗಂಭೀರ ತೊಂದರೆಯ ಅಪಾಯ ಸುಮಾರು 7.4 ಶೇಕಡಾ ಏರುತ್ತದೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು; ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಮಿತಿಯೂ ಅದರಲ್ಲಿ ಕಾಣಲಿಲ್ಲ. ಹಾಗಾಗಿ ಸಹಜ ಉಸಿರಾಟದಲ್ಲಿ ಒಮ್ಮೆ, ಆಳವಾಗಿ ಉಸಿರೆಳೆದು ಹಿಡಿದಾಗ ಇನ್ನೊಮ್ಮೆ ಸಿಟಿ ತೆಗೆಸಿ ಹೋಲಿಸುತ್ತೇನೆ. ಶ್ವಾಸಕೋಶ ತುಂಬಿಕೊಂಡಾಗ ಹೃದಯ ಎದೆಗೋಡೆಯಿಂದ ದೂರ ಸರಿದು, ಸ್ತನವನ್ನು ಓರೆಯಾಗಿ ಸವರಿ ಹೋಗುವ ಕಿರಣದ ದಾರಿಯಿಂದ ಬಹುಮಟ್ಟಿಗೆ ಹೊರಗುಳಿಯುತ್ತದೆ. ರೋಗಿಗೆ ನಾನು ಹೇಳುವುದು, ಆದಷ್ಟೂ ಹೆಚ್ಚು ಉಸಿರೆಳೆಯಿರಿ ಎಂದಲ್ಲ, ಪ್ರತಿ ಸಲವೂ ಅಷ್ಟೇ ಎಳೆಯಲು ಸಾಧ್ಯವಾಗುವಷ್ಟು ಎಳೆಯಿರಿ ಎಂದು.

ಇಡೀ ಸ್ತನಕ್ಕೆ 15 ಸರದಿಗಳಲ್ಲಿ 40 ಗ್ರೇ ಇರಲಿ, 5 ಸರದಿಗಳಲ್ಲಿ 26 ಗ್ರೇ ಇರಲಿ, ಯೋಜನೆಗೆ ಸಹಿ ಹಾಕುವ ಮುನ್ನ ಒಂದೊಂದು ಪದರವನ್ನೂ ತೆರೆದು ನೋಡುತ್ತೇನೆ. ಯಾವ ಅಂಗದ ಎಷ್ಟು ಭಾಗಕ್ಕೆ ಎಷ್ಟು ಪ್ರಮಾಣ ಎಂಬುದನ್ನು ಯೋಜನೆಯ ಜೊತೆಗಿನ ಗ್ರಾಫ್ ಹೇಳುತ್ತದೆ. ಹೆಚ್ಚಾದದ್ದು ಎಲ್ಲಿ ಎಂಬುದನ್ನು ಹೇಳುವುದಿಲ್ಲ. ಮೊದಲ ದಿನ ಯಂತ್ರದ ಮೇಲೆಯೇ ತೆಗೆದ ಚಿತ್ರದಲ್ಲಿ ಕಿರಣದೊಳಗೆ ಬರುವ ಶ್ವಾಸಕೋಶದ ಅಗಲ ಯೋಜನೆಯಲ್ಲಿರುವಷ್ಟೇ ಇದೆಯೇ ಎಂದು ಅಳೆಯುತ್ತೇವೆ. ಬೂಸ್ಟ್ ಹೊತ್ತಿಗೆ ದ್ರವ ಬಹಳ ಕುಗ್ಗಿದ್ದರೆ ಹಳೆಯ ಗುರುತನ್ನೇ ಹಿಡಿದು ಮುಂದುವರಿಯದೆ ಹೊಸ ಸಿಟಿಗೆ ಬರೆಯುತ್ತೇನೆ.