ನಮ್ಮ ಸಂಸದರು ದೆಹಲಿಯಲ್ಲಿ ಏನು ಕೇಳಿದರು, ಏನು ಮಾತಾಡಿದರು, ಯಾವ ಕಡೆ ಮತ ಹಾಕಿದರು? ಹುಡುಕುವುದು ಹೀಗೆ

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಬೆಳಿಗ್ಗೆ ಪೇಪರ್ ಓದಲು ಬರುವವರು ಎಂಪಿಗಳ ವಿಷಯ ಎತ್ತದ ದಿನ ಇಲ್ಲ. ಯಾವ ಪಕ್ಷದವರು ಮಾತಾಡಿದರೂ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ: "ದೆಹಲಿಗೆ ಹೋಗಿ ಏನು ಮಾಡ್ತಾರೋ, ಯಾರಿಗೆ ಗೊತ್ತು?" ಗೊತ್ತು ಮಾಡಿಕೊಳ್ಳಬಹುದು. ಸದನದಲ್ಲಿ ಆಡಿದ ಮಾತು, ಕೇಳಿದ ಪ್ರಶ್ನೆ, ಸಚಿವರು ಕೊಟ್ಟ ಉತ್ತರ ಎಲ್ಲವೂ ದಾಖಲಾಗುತ್ತವೆ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಒಂದು ಫೋನು, ಒಂದು ನೋಟ್‌ಬುಕ್ ಇದ್ದರೆ ಸಾಕು. ಉತ್ತರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರುತ್ತವೆ. ಓದಲು ಕಷ್ಟವಾದರೆ ಡಿಗ್ರಿ ಓದುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆಯಿಂದ ಶುರು ಮಾಡಿ

ಹೊಸಬರಿಗೆ ಸುಲಭವಾಗಿ ಸಿಗುವುದು ಪ್ರಶ್ನೆಗಳು. ಸಂಸತ್ತಿನ ವೆಬ್‌ಸೈಟ್ ಸನ್ಸದ್ ಡಾಟ್ ಇನ್ (sansad.in). ಒಳಗೆ ಲೋಕಸಭೆ, ರಾಜ್ಯಸಭೆ ಬೇರೆ ಬೇರೆ ಇವೆ. ಲೋಕಸಭೆಗೆ ಹೋಗಿ ಪ್ರಶ್ನೆಗಳ ಪುಟ ತೆರೆಯಿರಿ. 2024ರಲ್ಲಿ ಆರಿಸಿ ಬಂದದ್ದು 18ನೇ ಲೋಕಸಭೆ, ಅದನ್ನು ಆರಿಸಿ. ಆಮೇಲೆ ಸದಸ್ಯರ ಹೆಸರು, ಸಚಿವಾಲಯ, ವಿಷಯ ಹೀಗೆ ಯಾವುದರ ಮೂಲಕ ಬೇಕಾದರೂ ಹುಡುಕಬಹುದು.

ಎಲ್ಲರೂ ಮೊದಲು ತಮ್ಮ ಸಂಸದರ ಹೆಸರು ಹಾಕುತ್ತಾರೆ. ಅದು ಸರಿಯೇ. ಆದರೆ ನನ್ನ ಕೇಳಿದರೆ ವಿಷಯ ಹಾಕಿ ಹುಡುಕುವುದೇ ಜಾಸ್ತಿ ಉಪಯೋಗ. ನಮ್ಮ ಕಡೆಯ ದೊಡ್ಡ ವಿಷಯ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಕೊಡುವುದಾಗಿ ಹೇಳಿದರು. ಆ ದುಡ್ಡು ಎಲ್ಲಿಗೆ ಬಂತು ಅಂತ ನಮ್ಮಲ್ಲಿ ಕೇಳದ ರೈತನಿಲ್ಲ. ಜಲಶಕ್ತಿ ಸಚಿವಾಲಯ ಆರಿಸಿ, ವಿಷಯದ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಅಪ್ಪರ್ ಭದ್ರಾ' ಅಂತ ಹಾಕಿ ನೋಡಿ. ಚಿತ್ರದುರ್ಗ, ತುಮಕೂರು, ದಾವಣಗೆರೆ, ಚಿಕ್ಕಮಗಳೂರು ನಾಲ್ಕೂ ಜಿಲ್ಲೆಗೆ ಸೇರಿದ ಯೋಜನೆ ಇದು. ಯಾವ ಭಾಗದ ಸಂಸದರು ಕೇಳಿದ್ದಾರೆ, ಯಾರು ಸುಮ್ಮನಿದ್ದಾರೆ ಅನ್ನುವುದು ಒಂದೇ ಪಟ್ಟಿಯಲ್ಲಿ ಕಾಣುತ್ತದೆ. ರಾಜ್ಯಸಭೆಯ ಪುಟದಲ್ಲೂ ಇದನ್ನೇ ಮಾಡಿ. ಲೋಕಸಭೆಗೆ ನಮ್ಮ ರಾಜ್ಯದಿಂದ 28 ಜನ ಇರುವ ಹಾಗೆ ರಾಜ್ಯಸಭೆಯಲ್ಲಿ 12 ಜನ ಇದ್ದಾರೆ. ಅವರನ್ನು ಎಲ್ಲರೂ ಮರೆತೇಬಿಡುತ್ತಾರೆ.

ಕಾಗುಣಿತದ ಬಗ್ಗೆ ಎಚ್ಚರ ಇರಲಿ. ತುಮಕೂರನ್ನು ಇಂಗ್ಲಿಷಿನಲ್ಲಿ ಹಳೆಯ 'ತುಮ್ಕುರ್' ರೂಪದಲ್ಲೂ ಬರೆಯುತ್ತಾರೆ, ಹೊಸ ರೂಪದಲ್ಲೂ ಬರೆಯುತ್ತಾರೆ. ದಾವಣಗೆರೆಗೂ ಎರಡು ಮೂರು ರೂಪ ಇವೆ. ತುಮಕೂರು–ದಾವಣಗೆರೆ ಹೊಸ ರೈಲು ಮಾರ್ಗದ ಬಗ್ಗೆ ಹುಡುಕುವಾಗ ಒಂದು ರೂಪದಲ್ಲಿ ಏನೂ ಸಿಗದಿದ್ದರೆ ಇನ್ನೊಂದು ಹಾಕಿ ನೋಡಿ. ಸಿಗಲಿಲ್ಲ ಅಂದ ಮಾತ್ರಕ್ಕೆ ಯಾರೂ ಕೇಳಿಲ್ಲ ಅಂದುಕೊಳ್ಳಬೇಡಿ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20. ಬೆಳಿಗ್ಗೆ 11ರಿಂದ 12ರವರೆಗಿನ ಪ್ರಶ್ನೋತ್ತರ ಅವಧಿಯಲ್ಲಿ ಇಪ್ಪತ್ತೂ ಮುಗಿಯುವುದಿಲ್ಲ. ಉಳಿದವಕ್ಕೆ ಬರಹದಲ್ಲೇ ಉತ್ತರ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ದಿನಕ್ಕೆ 230, ಅವಕ್ಕೆ ಬರೀ ಲಿಖಿತ ಉತ್ತರ. ಯಾರ ಪ್ರಶ್ನೆ ಪಟ್ಟಿಗೆ ಸೇರಬೇಕು ಅನ್ನುವುದು ಚೀಟಿ ಎತ್ತುವ ಥರದ ಲಾಟರಿಯಲ್ಲಿ ತೀರ್ಮಾನ ಆಗುತ್ತದೆ. ಹಾಗಾಗಿ ಚುಕ್ಕೆ ಗುರುತಿನ ಪ್ರಶ್ನೆ ಕಡಿಮೆ ಇದ್ದರೆ ಅದನ್ನು ಸಂಸದರ ತಪ್ಪು ಅನ್ನುವ ಹಾಗಿಲ್ಲ. ಒಂದೇ ವಿಷಯವನ್ನು ಹಲವರು ಕೇಳಿದ್ದರೆ ಎಲ್ಲರ ಹೆಸರನ್ನೂ ಒಂದೇ ಪ್ರಶ್ನೆಯ ಕೆಳಗೆ ಸೇರಿಸುತ್ತಾರೆ, ಅದನ್ನೂ ಗಮನಿಸಿ.

ಉತ್ತರವನ್ನು ಕೊನೆಯವರೆಗೂ ಓದಿ

ಇಲ್ಲೇ ಎಲ್ಲರೂ ಅವಸರ ಮಾಡುವುದು. ಪ್ರಶ್ನೆಯ ತಲೆಬರಹ ನೋಡಿ, "ನಮ್ಮ ಎಂಪಿ ಕೇಳಿದ್ದಾರೆ" ಅಂತ ವಾಟ್ಸಾಪ್‌ನಲ್ಲಿ ಹಾಕಿ ಮುಗಿಸುತ್ತಾರೆ. ನಿಜವಾದ ವಿಷಯ ಇರುವುದು ಉತ್ತರದಲ್ಲಿ.

ಪಿಡಿಎಫ್ ತೆರೆದರೆ ಮೇಲೆ ಪ್ರಶ್ನೆಯ ಸಂಖ್ಯೆ, ಉತ್ತರ ಕೊಟ್ಟ ದಿನಾಂಕ, ಕೇಳಿದವರ ಹೆಸರು. ಅದರ ಕೆಳಗೆ ಪ್ರಶ್ನೆಯನ್ನು ಎ, ಬಿ, ಸಿ, ಡಿ ಅಂತ ಭಾಗ ಮಾಡಿರುತ್ತಾರೆ. ಉತ್ತರವೂ ಹಾಗೇ ಒಂದೊಂದಕ್ಕೂ ಬೇರೆ ಬೇರೆ ಬರಬೇಕು. ಎಷ್ಟೋ ಸಲ 'ಎ ಇಂದ ಡಿ' ಅಂತ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಒಂದೇ ಉತ್ತರ ಕೊಡುತ್ತಾರೆ. ಅಂಥದ್ದು ಕಂಡರೆ ಪೆನ್ಸಿಲ್ ತೆಗೆದುಕೊಳ್ಳಿ. ಎ ಭಾಗದಲ್ಲಿ ಕೇಳಿದ್ದು ಎಷ್ಟು ದುಡ್ಡು ಬಿಡುಗಡೆ ಆಯಿತು ಅಂತ. ಉತ್ತರದಲ್ಲಿ ಆ ಅಂಕಿ ಇದೆಯಾ? ಬಿ ಭಾಗದಲ್ಲಿ ಕೇಳಿದ್ದು ಯಾವಾಗ ಮುಗಿಯುತ್ತದೆ ಅಂತ. ತಾರೀಖು ಇದೆಯಾ? ಸಿಕ್ಕಿದ್ದಕ್ಕೆ ಟಿಕ್ ಹಾಕಿ, ಸಿಗದ್ದಕ್ಕೆ ಸುತ್ತು ಹಾಕಿ. ನೀರಾವರಿಯ ಉತ್ತರಗಳು ಸಾಮಾನ್ಯವಾಗಿ 'ನೀರು ರಾಜ್ಯಕ್ಕೆ ಸೇರಿದ ವಿಷಯ' ಅಂತ ಶುರುವಾಗಿ ಯೋಜನೆಗಳ ಹೆಸರುಗಳಲ್ಲೇ ಒಂದು ಪುಟ ತುಂಬಿಸುತ್ತವೆ. ನಿಮಗೆ ಬೇಕಾದ ಸಾಲು ಕೊನೆಯಲ್ಲೋ, ಅನುಬಂಧದ ಪಟ್ಟಿಯಲ್ಲೋ ಕೂತಿರುತ್ತದೆ. ಅಲ್ಲಿಯವರೆಗೂ ಹೋಗಿ.

ಇನ್ನೂ ಒಂದು ಸಾಲನ್ನು ಗುರುತು ಹಿಡಿಯಲು ಕಲಿಯಿರಿ: 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು.' ಇದು ಸಚಿವರು ಸದನಕ್ಕೆ ಕೊಟ್ಟ ಭರವಸೆ. ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದು ಸಮಿತಿ ಇದೆ. ಮೂರು ತಿಂಗಳ ಒಳಗೆ ಭರವಸೆ ಈಡೇರಿಸಬೇಕು, ಇಲ್ಲದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಆ ದಿನಾಂಕಕ್ಕೆ ಮೂರು ತಿಂಗಳು ಕೂಡಿಸಿ ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ದಿನ ಮತ್ತೆ ಹುಡುಕಿ. ನನ್ನ ಪ್ರಕಾರ ಒಬ್ಬ ಮತದಾರ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಉಪಯೋಗದ್ದು ಕಡಿಮೆ. ಯಾಕೆಂದರೆ ಪ್ರಶ್ನೆ ಕೇಳಿದವರಿಗೇ ಅದು ನೆನಪಿರುವುದಿಲ್ಲ.

ಭಾಷಣ

ಲೋಕಸಭೆಯ ಚರ್ಚೆಯ ಬರಹ ಅದೇ ವೆಬ್‌ಸೈಟ್‌ನಲ್ಲಿ ದಿನಾಂಕದ ಪ್ರಕಾರ ಸಿಗುತ್ತದೆ. ಮೊದಲು ತಿದ್ದದ ಪ್ರತಿ, ಆಮೇಲೆ ತಿದ್ದಿದ ಪ್ರತಿ. ಒಂದು ದಿನದ್ದೇ ನೂರಾರು ಪುಟ ಇರುತ್ತದೆ. ಹೆಸರು ಹಾಕಿ ಹುಡುಕಿ. ಅಂಚಿನಲ್ಲಿ ಗಂಟೆ ನಿಮಿಷ ಹಾಕಿರುತ್ತಾರೆ. ಅದನ್ನು ಹಿಡಿದು ಸಂಸದ್ ಟಿವಿಯ ಯೂಟ್ಯೂಬ್ ವಿಡಿಯೋದಲ್ಲಿ ಆ ಹೊತ್ತಿಗೆ ಹೋದರೆ ಮಾತನ್ನೇ ಕೇಳಬಹುದು. ಸಂಸದರು ಕನ್ನಡದಲ್ಲಿ ಮಾತಾಡಿದ್ದರೆ ಬರಹದಲ್ಲಿ ಇಂಗ್ಲಿಷ್ ಅನುವಾದ ಇರುತ್ತದೆ, ಕೆಳಗೆ 'ಮೂಲ ಭಾಷಣ ಕನ್ನಡದಲ್ಲಿ' ಅಂತ ಅಡಿಟಿಪ್ಪಣಿ ಇರುತ್ತದೆ. ಅಂಥದ್ದು ಸಿಕ್ಕಿದಾಗ ವಿಡಿಯೋ ಹುಡುಕಿ ಅವರದ್ದೇ ಮಾತು ಕೇಳಿ. ನಮ್ಮ ಗ್ರಂಥಾಲಯದಲ್ಲಿ ಹಾಗೆ ಹಾಕಿದಾಗ ಕೇರಂ ಆಡುತ್ತಿದ್ದ ಹುಡುಗರೂ ಬಂದು ನಿಂತು ಕೇಳಿದರು.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎದ್ದು ಮಾತಾಡಿದರು ಅಂತಲ್ಲ. ಸಮಯ ಸಿಗದವರು ಬರೆದು ತಂದ ಭಾಷಣವನ್ನು ಸದನದ ಮುಂದೆ ಮಂಡಿಸಬಹುದು. ಬರಹದಲ್ಲಿ ಅದಕ್ಕೆ ನಕ್ಷತ್ರದ ಗುರುತು ಇರುತ್ತದೆ, ವಿಡಿಯೋ ಇರುವುದಿಲ್ಲ. ಮಾತಿನ ನಡುವೆ ಬರೀ ಚುಕ್ಕೆಗಳು ಇದ್ದರೆ ಆ ಪದಗಳನ್ನು ಕಡತದಿಂದ ತೆಗೆದಿರಬಹುದು. ಶೂನ್ಯವೇಳೆಯಲ್ಲಿ, ಅಂದರೆ ತುರ್ತು ವಿಷಯ ಎತ್ತಲು ಬಿಟ್ಟ ಹೊತ್ತಿನಲ್ಲಿ, ಮತ್ತು ಲೋಕಸಭೆಯ 377ನೇ ನಿಯಮದ ಕೆಳಗೆ ಊರಿನ ವಿಷಯ ಎತ್ತುವುದು ಜಾಸ್ತಿ. ಅಲ್ಲಿ ಸಚಿವರು ಕೂಡಲೇ ಉತ್ತರ ಕೊಡಬೇಕಾಗಿಲ್ಲ. 377ರ ಕೆಳಗೆ ಎತ್ತಿದ್ದಕ್ಕೆ ಸಚಿವಾಲಯದಿಂದ ಸಂಸದರಿಗೆ ಪತ್ರ ಬರುತ್ತದೆ. ಸಂಸದರ ಕಚೇರಿಗೆ ಹೋಗಿ "ಆ ಪತ್ರದ ನಕಲು ಕೊಡಿ ಸರ್" ಅಂತ ಕೇಳಿ. ಇದರಲ್ಲಿ ಸಂಕೋಚ ಬೇಡ.

ಮತದ ಲೆಕ್ಕ ಯಾಕೆ ಕಷ್ಟ

ಇದೊಂದು ವಿಷಯದಲ್ಲಿ ನನಗೆ ನಿಜವಾಗಿ ಬೇಸರ ಇದೆ. ನಮ್ಮ ಸಂಸತ್ತಿನಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಪರ ಇರುವವರು ಹೌದು ಅನ್ನಿ, ವಿರೋಧ ಇರುವವರು ಇಲ್ಲ ಅನ್ನಿ, ಅಷ್ಟೇ. ಯಾರು ಯಾವ ಕಡೆ ಅಂದರು ಅನ್ನುವುದಕ್ಕೆ ದಾಖಲೆ ಇಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಪಾಸಾದಾಗ ವಿರೋಧ ಪಕ್ಷದವರು ಮತ ಎಣಿಸಿ ಅಂತ ಪಟ್ಟು ಹಿಡಿದಿದ್ದರು. ಗದ್ದಲದ ನಡುವೆ ಧ್ವನಿಮತದಲ್ಲೇ ಮುಗಿಯಿತು. ದೇಶದ ರೈತರಿಗೆಲ್ಲ ಸಂಬಂಧಪಟ್ಟ ಕಾನೂನು ಅದು. ನಮ್ಮ ಪ್ರತಿನಿಧಿ ಏನಂದರು ಅಂತ ಹೆಸರಿನ ಸಮೇತ ನೋಡುವ ದಾರಿ ನಮಗಿಲ್ಲ.

ಹೆಸರು ಸಿಗುವುದು ಮತ ವಿಭಜನೆ ಆದಾಗ ಮಾತ್ರ. ಅದನ್ನು ಅಲ್ಲಿ ಡಿವಿಷನ್ ಅನ್ನುತ್ತಾರೆ. ಸಂವಿಧಾನ ತಿದ್ದುಪಡಿಗೆ ಇದು ಕಡ್ಡಾಯ. ಬೇರೆ ಮಸೂದೆಗೆ ಯಾರಾದರೂ ಕೇಳಿ, ಸಭಾಧ್ಯಕ್ಷರು ಒಪ್ಪಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಪರ, 2 ವಿರುದ್ಧ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೆ 288 ಪರ, 232 ವಿರುದ್ಧ. ಇಂಥ ದಿನದ ಚರ್ಚೆಯ ಬರಹ ತೆರೆದು 'ಡಿವಿಷನ್' ಅಂತ ಹುಡುಕಿದರೆ ಪರ ಇದ್ದವರ ಪಟ್ಟಿ, ವಿರುದ್ಧ ಇದ್ದವರ ಪಟ್ಟಿ ಬೇರೆ ಬೇರೆ ಸಿಗುತ್ತವೆ.

ಟಿವಿಯಲ್ಲಿ ಮೊದಲು ತೋರಿಸಿದ ಅಂಕಿಯನ್ನು ನಂಬಿ ಬರೆದುಕೊಳ್ಳಬೇಡಿ. 2024ರ ಡಿಸೆಂಬರ್ 17ರಂದು ಒಂದು ದೇಶ ಒಂದು ಚುನಾವಣೆ ಮಸೂದೆ ಮಂಡಿಸುವ ವಿಷಯಕ್ಕೆ ಮತ ಹಾಕಿದಾಗ ಯಂತ್ರದಲ್ಲಿ ಬಂದದ್ದು 220 ಪರ, 149 ವಿರುದ್ಧ. ಗುಂಡಿ ಸರಿಯಾಗಿ ಒತ್ತದವರು, ತಿದ್ದಬೇಕಾದವರು ಚೀಟಿಯಲ್ಲಿ ಬರೆದು ಕೊಟ್ಟ ಮೇಲೆ ಕೊನೆಯ ಲೆಕ್ಕ 269 ಪರ, 198 ವಿರುದ್ಧ ಆಯಿತು. ಎಷ್ಟು ವ್ಯತ್ಯಾಸ ನೋಡಿ! ಚೀಟಿ ಕೊಟ್ಟವರ ಹೆಸರನ್ನು ಪಟ್ಟಿಯ ಕೆಳಗಿನ ಟಿಪ್ಪಣಿಯಲ್ಲಿ ಹುಡುಕಿ.

ಪಕ್ಷ ವಿಪ್ ಕೊಟ್ಟರೆ, ಅಂದರೆ ಹೀಗೇ ಮತ ಹಾಕಿ ಅಂತ ಆದೇಶ ಕೊಟ್ಟರೆ, ಅದನ್ನು ಮೀರಿ ಮತ ಹಾಕಿದವರ ಸದಸ್ಯತ್ವವೇ ಹೋಗಬಹುದು. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು ಹಾಗಿದೆ. ಹಾಗಾಗಿ ಮತ ನೋಡಿದರೆ ಪಕ್ಷದ ನಿಲುವು ತಿಳಿಯುತ್ತದೆ, ಮನುಷ್ಯ ತಿಳಿಯುವುದು ಕಡಿಮೆ. ನಾನು ನೋಡುವುದು ಎರಡೂ ಪಟ್ಟಿಯಲ್ಲಿ ಹೆಸರೇ ಇಲ್ಲದವರನ್ನು. ಕಾಯಿಲೆಯೋ, ಊರಿನ ಕೆಲಸವೋ, ಬೇಕಂತಲೇ ಹೊರಗೆ ಉಳಿದರೋ ಅಂತ ಅವರನ್ನೇ ಕೇಳಬೇಕು. ಕೇಳುವ ಮೊದಲೇ ತೀರ್ಪು ಕೊಡಬಾರದು.

ಶೇಕಡಾ ಲೆಕ್ಕ

ಪಿಆರ್‌ಎಸ್ ಅನ್ನುವ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಪ್ರತಿ ಸಂಸದರ ಹಾಜರಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆಗಳ (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಸಂಖ್ಯೆ ಇರುತ್ತದೆ. ದೇಶದ ಸರಾಸರಿ, ರಾಜ್ಯದ ಸರಾಸರಿಯನ್ನೂ ಪಕ್ಕದಲ್ಲೇ ಕೊಟ್ಟಿರುತ್ತಾರೆ. ಒಳ್ಳೆಯ ಕೆಲಸ. ಆದರೆ ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ತುಮಕೂರಿನ ವಿ. ಸೋಮಣ್ಣ, ಮಂಡ್ಯದ ಎಚ್.ಡಿ. ಕುಮಾರಸ್ವಾಮಿ, ಧಾರವಾಡದ ಪ್ರಲ್ಹಾದ ಜೋಶಿ, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ 2024ರಲ್ಲಿ ಗೆದ್ದು ಸಚಿವರಾದವರು. ಅವರ ಹೆಸರಿನ ಮುಂದೆ ಪ್ರಶ್ನೆಗಳ ಸಂಖ್ಯೆ ಇಲ್ಲ ಅಂತ ಅವರನ್ನು ದೂರಬೇಡಿ. ಹಾಜರಿ ಅಂದರೆ ಆ ದಿನ ಬಂದು ಹಾಜರಿ ಗುರುತು ಹಾಕಿದ್ದಾರೆ ಅಂತ, ಅಷ್ಟೇ ಅದರ ಅರ್ಥ.

ಬರೆದಿಡುವುದು, ಪತ್ರ ಬರೆಯುವುದು

ನನ್ನ ನೋಟ್‌ಬುಕ್‌ನಲ್ಲಿ ಐದು ಅಂಕಣ: ದಿನಾಂಕ, ಪ್ರಶ್ನೆಯ ಸಂಖ್ಯೆ, ಏನು ಕೇಳಿದರು, ಏನು ಉತ್ತರ ಬಂತು, ಮತ್ತೆ ಯಾವಾಗ ನೋಡಬೇಕು. ಬಜೆಟ್, ಮುಂಗಾರು, ಚಳಿಗಾಲ ಹೀಗೆ ವರ್ಷಕ್ಕೆ ಮೂರು ಅಧಿವೇಶನ. ಪ್ರತಿಯೊಂದೂ ಮುಗಿದ ಮೇಲೆ ನಮ್ಮ ಜಿಲ್ಲೆಗೆ ಸಂಬಂಧಪಟ್ಟದ್ದನ್ನು ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತೇನೆ. ಹೊಗಳಿಕೆ ಇಲ್ಲ, ಬೈಗುಳ ಇಲ್ಲ. ಸಂಖ್ಯೆ, ದಿನಾಂಕ ತಪ್ಪದೆ ಹಾಕುತ್ತೇನೆ, ಯಾರಾದರೂ ಅನುಮಾನಪಟ್ಟರೆ ಅವರೇ ತೆಗೆದು ನೋಡಲಿ ಅಂತ. ಅಡಿಕೆ ತೋಟದ ಒಬ್ಬ ಅಜ್ಜ ಅದನ್ನು ಓದಿ, "ಅಲ್ಲಮ್ಮಾ, ಇದು ಪೇಪರ್‌ನಲ್ಲಿ ಬರಲೇ ಇಲ್ಲವಲ್ಲ?" ಅಂತ ಕೇಳಿದರು. ದಿನಕ್ಕೆ 250 ಪ್ರಶ್ನೆ ಇರುವಾಗ ಎಲ್ಲವೂ ಪೇಪರಿಗೆ ಹೇಗೆ ಬಂದೀತು, ಅಲ್ವಾ? ಮುಂದಿನ ವಾರ ಅವರೇ ಬೆಳೆ ವಿಮೆಯ ಬಗ್ಗೆ ಎಂಪಿಗೆ ಪತ್ರ ಬರೆಸಿಕೊಂಡು ಹೋದರು.

ಪತ್ರ ಬರೆಯುವುದಾದರೆ ಸಮಯ ನೋಡಿಕೊಳ್ಳಿ. ಸಂಸದರು ಪ್ರಶ್ನೆಯ ನೋಟಿಸನ್ನು ಕನಿಷ್ಠ 15 ದಿನ ಮೊದಲೇ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಕೊಟ್ಟ ಪತ್ರ ಎಷ್ಟೋ ಸಲ ಆ ಅಧಿವೇಶನಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಅಧಿವೇಶನದ ತಾರೀಖು ಪ್ರಕಟವಾದ ಕೂಡಲೇ ಕಳಿಸಿ. 'ರೈತರ ಕಷ್ಟ ಪರಿಹರಿಸಿ' ಅಂತ ಬರೆದರೆ ಅದನ್ನು ಪ್ರಶ್ನೆ ಮಾಡಲು ಆಗುವುದಿಲ್ಲ. ಯಾವ ಸಚಿವಾಲಯ, ಯಾವ ಯೋಜನೆ, ಯಾವ ವರ್ಷ, ಎಷ್ಟು ದುಡ್ಡು ಅಂತ ನಾಲ್ಕು ಸಾಲಿನಲ್ಲಿ ಕೇಳಿ. ಹಿಂದೆ ಬಂದ ಉತ್ತರದ ಸಂಖ್ಯೆ, ದಿನಾಂಕ ಹಾಕಿ, ನೀವು ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ ಭಾಗಕ್ಕೆ ಉತ್ತರ ಬಂದಿಲ್ಲ ಅಂತ ಬರೆಯಿರಿ. ಕಚೇರಿಯಲ್ಲಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.