ಒಂದು ಲಕ್ಷದೊಳಗೆ ವಿಸಿಟರ್ ಪಾರ್ಕಿಂಗ್ ಹತೋಟಿಗೆ ಬಂತು: ನನ್ನ ಅನುಭವ

ನಮ್ಮ ಅಪಾರ್ಟ್‌ಮೆಂಟಿನ ವಿಸಿಟರ್ ಪಾರ್ಕಿಂಗಿನಲ್ಲಿ ಈಗ ಭಾನುವಾರ ಸಂಜೆಯೂ ಜಾಗ ಸಿಗುತ್ತದೆ. ಮೊದಲು ಇದೇ ಜಾಗಕ್ಕಾಗಿ ಕೈ ಕೈ ಮಿಲಾಯಿಸುವವರೆಗೂ ಹೋಗಿತ್ತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ನಾವೇ ಕೂರಿಸೋಣ ಅಂದಾಗ ಕಮಿಟಿಯಲ್ಲಿ ಯಾರೂ ನಂಬಲಿಲ್ಲ. ಸೆಕ್ಯೂರಿಟಿ ಏಜೆನ್ಸಿಯವರಂತೂ "ಅದೆಲ್ಲ ಮಾಲ್‌ಗಳಿಗೆ ಸರ್, ನಮ್ಮ ಗೇಟಿಗೆ ಆಗಲ್ಲ" ಅಂದುಬಿಟ್ಟರು. ಆಗಿದೆ, ಚೆನ್ನಾಗಿಯೇ ನಡೀತಿದೆ. ಅಕ್ಕಪಕ್ಕದ ಅಸೋಸಿಯೇಷನ್‌ನವರು ಬಂದು ಕೇಳುತ್ತಿರುವುದರಿಂದ ಒಮ್ಮೆ ಬರೆದಿಡುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ಕನಕಪುರ ರಸ್ತೆ ಕಡೆ. ಸುಮಾರು 140 ಮನೆ, ವಿಸಿಟರ್‌ಗೆ ಇಪ್ಪತ್ತರ ಹತ್ತಿರ ಜಾಗ. 2021ರಲ್ಲಿ ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಹೊಸ ತಲೆನೋವು ಶುರುವಾಯಿತು. "ಫ್ರೆಂಡ್ ಮನೆಗೆ" ಅಂತ ಬರೆಸಿ ಒಳಗೆ ಬಂದವರು ಕಾರು ನಿಲ್ಲಿಸಿ ಮೆಟ್ರೋ ಹತ್ತಿ ಆಫೀಸಿಗೆ ಹೋಗುತ್ತಿದ್ದರು. ಆದರೆ ಕ್ಯಾಮೆರಾ ಲೆಕ್ಕ ಸಿಕ್ಕ ಮೇಲೆ ಗೊತ್ತಾಗಿದ್ದೇ ಬೇರೆ. ಜಾಗ ತಿನ್ನುತ್ತಿದ್ದವರಲ್ಲಿ ಮುಕ್ಕಾಲು ಪಾಲು ನಮ್ಮವರೇ. ಮನೆಯ ಎರಡನೇ ಕಾರು, ಮೂರನೇ ಕಾರು ಎಲ್ಲ ವಿಸಿಟರ್ ಜಾಗದಲ್ಲೇ ಇದ್ದವು.

ವೀಲ್ ಕ್ಲಾಂಪ್ (ಚಕ್ರಕ್ಕೆ ಹಾಕುವ ಲಾಕ್) ತರಿಸುವ ಯೋಚನೆಯಲ್ಲಿ ಇರುವವರಿಗೆ ಮೊದಲೇ ಹೇಳುತ್ತೇನೆ, ಬೇಡ. ಹಿಂದಿನ ಕಮಿಟಿ ಎರಡು ತರಿಸಿತ್ತು, ಎರಡಕ್ಕೂ ಸೇರಿ ಆರೇಳು ಸಾವಿರ. ಒಬ್ಬರು ಕ್ಲಾಂಪ್ ನೋಡದೆ ಗಾಡಿ ತೆಗೆದು ಫೆಂಡರ್ ಹರಿಯಿತು. ವಿಷಯ ಸ್ಟೇಷನ್‌ಗೆ ಹೋಯಿತು. "ಯಾವ ಕಾನೂನಿನಲ್ಲಿ ಲಾಕ್ ಹಾಕಿದಿರಿ?" ಅಂತ ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಗಾಡಿ ಎತ್ತುವ ಅಧಿಕಾರ ಇರುವುದು ಪೊಲೀಸರಿಗೆ, ಅದೂ ಸಾರ್ವಜನಿಕ ಜಾಗದಲ್ಲಿ. ಫೆಂಡರ್ ರಿಪೇರಿಗೆ ಅಸೋಸಿಯೇಷನ್ನೇ ಸುಮಾರು 14 ಸಾವಿರ ಕೊಟ್ಟಿತು.

ಇಂಗ್ಲೆಂಡಿನಲ್ಲಿರುವ ನನ್ನ ಭಾವಮೈದ ಅಲ್ಲಿನ ಪದ್ಧತಿ ಹೇಳಿದ. ಅಲ್ಲಿ ಖಾಸಗಿ ಜಾಗದಲ್ಲಿ ಕ್ಲಾಂಪ್ ಹಾಕುವುದನ್ನು 2012ರಲ್ಲೇ ನಿಲ್ಲಿಸಿದ್ದಾರೆ. ಬದಲಿಗೆ ಕ್ಯಾಮೆರಾ ನಂಬರ್ ಓದುತ್ತದೆ, ಪಾರ್ಕಿಂಗ್ ಕಂಪನಿಯವರು ಅಲ್ಲಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ಎರಡೂವರೆ ಪೌಂಡ್ ಕಟ್ಟಿ ಗಾಡಿಯವರ ವಿಳಾಸ ಪಡೆಯುತ್ತಾರೆ, ನೋಟಿಸ್ ಮನೆಗೆ ಬರುತ್ತದೆ. ನಮ್ಮಲ್ಲಿ ಆ ದಾರಿ ಇಲ್ಲ. ಸರ್ಕಾರದ ವಾಹನ ಮಾಹಿತಿ ಆ್ಯಪ್ ಆದ ಎಂಪರಿವಾಹನ್‌ನಲ್ಲಿ ಹೆಸರೇ ಅರ್ಧಂಬರ್ಧ ಮುಚ್ಚಿರುತ್ತದೆ, ವಿಳಾಸದ ಮಾತೇ ಇಲ್ಲ. ಅಂದರೆ ನಂಬರ್ ಎಷ್ಟು ಚೆನ್ನಾಗಿ ಓದಿದರೂ ಹೊರಗಿನವರಿಗೆ ದಂಡ ಹಾಕಲು ಆಗುವುದಿಲ್ಲ.

ಹಾಗಾಗಿ ದಂಡವನ್ನು ಗಾಡಿಗೆ ಹಾಕುವುದನ್ನೇ ಬಿಟ್ಟೆವು, ಮನೆಗೆ ಹಾಕಿದೆವು. ಗೇಟ್ ತೆರೆಯುವ ಮೊದಲೇ ಪ್ಲೇಟ್ ನಂಬರಿಗೆ ಒಂದು ಫ್ಲ್ಯಾಟ್ ನಂಬರ್ ಅಂಟಬೇಕು. ಫ್ಲ್ಯಾಟ್‌ನವರು ಫೋನಿನಲ್ಲಿ ಹೂಂ ಅಂದರೆ ಮಾತ್ರ ಬೂಮ್ (ಗೇಟಿನ ಅಡ್ಡಕಂಬ) ಏಳುತ್ತದೆ. ಆರು ಗಂಟೆ ದಾಟಿದರೆ ಆ ಮನೆಯ ಮೇಂಟೆನೆನ್ಸ್ ಬಿಲ್ಲಿಗೆ 200 ರೂಪಾಯಿ, ರಾತ್ರಿ ಉಳಿದರೆ 500. ಊರಿಂದ ಅಪ್ಪ ಅಮ್ಮ ಬಂದರೆ ಮೊದಲೇ ಹೇಳಿದರೆ ಸಾಕು, ಏನೂ ಇಲ್ಲ. ಸದಸ್ಯರು ಬೈಲಾಗೆ ಬದ್ಧರು, ಹೊರಗಿನವರು ಅಲ್ಲ. ಇಷ್ಟನ್ನು ಜನರಲ್ ಬಾಡಿಯಲ್ಲಿ ಪಾಸ್ ಮಾಡಿಸಲು ಕ್ಯಾಮೆರಾ ಕೂರಿಸುವುದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಒಬ್ಬರು ಆ ಜಾಗವನ್ನು ಬಿಲ್ಡರ್ ತಮಗೇ ಮಾರಿದ್ದಾರೆ ಅಂತ ರಸೀದಿ ತಂದರು. ತೆರೆದ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರ ನಹಾಲ್‌ಚಂದ್ ಕೇಸಿನಲ್ಲಿ ಹೇಳಿದೆ. ಅದರ ಪ್ರತಿ ತೋರಿಸಿದೆ, ಮಾತು ಅಲ್ಲಿಗೆ ಮುಗಿಯಿತು.

ಈಗ ಕ್ಯಾಮೆರಾ ವಿಷಯ. ತರಿಸಿದ ಕೋಟೇಶನ್ನುಗಳು ನಾಲ್ಕರಿಂದ ಆರು ಲಕ್ಷ, ಮೇಲೆ ವರ್ಷ ವರ್ಷ ನಿರ್ವಹಣೆಯ ದುಡ್ಡು (ಎಎಂಸಿ). ನಾನು ಎರಡು ಐಪಿ ಕ್ಯಾಮೆರಾ, ಕತ್ತಲಲ್ಲಿ ಓದಲು ಐಆರ್ (ಇನ್‌ಫ್ರಾರೆಡ್) ಲೈಟು, ಬೂಮ್ ಎತ್ತಿಸುವ ರಿಲೇ ಬೋರ್ಡು, ಒಂದು ಹಳೇ ಡೆಸ್ಕ್‌ಟಾಪ್ ಹಾಕಿದೆ. ಓದುವ ಸಾಫ್ಟ್‌ವೇರ್ ಪುಕ್ಕಟೆ ಸಿಗುವಂಥದ್ದು. ಬೂಮ್ ಮೊದಲೇ ಇತ್ತು. ಕೇಬಲ್, ಎಲೆಕ್ಟ್ರಿಷಿಯನ್, ಗಾರೆ ಕೆಲಸ ಎಲ್ಲ ಸೇರಿ 95 ಸಾವಿರದ ಆಸುಪಾಸು. ಗಾರೆ ಕೆಲಸ ಅಂದರೆ ಹಂಪ್. ಕ್ಯಾಮೆರಾಗಿಂತ ಅದೇ ಜಾಸ್ತಿ ಕೆಲಸ ಮಾಡಿತು. ಗಾಡಿ ನಿಧಾನವಾಗದೆ ಯಾವ ಸಾಫ್ಟ್‌ವೇರೂ ಓದುವುದಿಲ್ಲ.

ಶುರುವಿನಲ್ಲಿ ಹತ್ತರಲ್ಲಿ ಆರು ಗಾಡಿ ಸರಿಯಾಗಿ ಬಂದರೆ ಹೆಚ್ಚು. ಸೊನ್ನೆಯನ್ನು ಓ ಅನ್ನುವುದು, 8 ಅನ್ನು ಬಿ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ಫ್ಯಾನ್ಸಿ ಅಕ್ಷರ, ನಂಬರಿನ ಮೇಲೇ ದೇವರ ಹೆಸರು, ಮಳೆಗಾಲದ ಕೆಸರು, ಬೊಲೆರೊದ ಎರಡು ಸಾಲಿನ ಪ್ಲೇಟು, ಎಲ್ಲವೂ ಕಾಡಿದವು. ಕೆಲವರದು ಕನ್ನಡ ಅಂಕಿ. ಕನ್ನಡ ಅಂಕಿ ಕಂಡರೆ ನನಗೂ ಖುಷಿ, ನಮ್ಮ ಮನೆಯ ಬಾಗಿಲ ಮೇಲೆ ಅದೇ ಇದೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಪ್ಲೇಟಿಗೆ ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ ಅಂತಲೇ ಇದೆ. ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10 ಅಂತ ಅದೂ ಬರೆದಿದೆ. ಅವರ ಜೊತೆ ಕೂತು ಮಾತಾಡಿ ಒಪ್ಪಿಸಿದೆ.

ಕೊನೆಯ ನಾಲ್ಕು ಅಂಕಿ ಹೊಂದಿದರೆ ಸಾಕು ಅಂತ ಸ್ವಲ್ಪ ದಿನ ಬಿಟ್ಟು ನೋಡಿದೆ. ನಮ್ಮಲ್ಲಿ ಒಂದು ಮನೆಯ ಎಲ್ಲ ಗಾಡಿಗೂ ಅದೇ ನಾಲ್ಕು ಅಂಕಿ! ಕೆಎ 05, ಕೆಎ 51 ಅಂತ ಮುಂದಿನದು ಮಾತ್ರ ಬೇರೆ. ಈಗ ಇಡೀ ನಂಬರಿನಲ್ಲಿ ಒಂದು ಅಕ್ಷರ ತಪ್ಪಿದರೂ ಬಿಡುತ್ತದೆ, ಎರಡು ತಪ್ಪಿದರೆ ಗಾರ್ಡ್ ನೋಡಬೇಕು. 22 ಬಿಎಚ್ ಅಂತ ಶುರುವಾಗುವ ಬಿಎಚ್ (ಭಾರತ್) ಸರಣಿಗೆ ಸಾಫ್ಟ್‌ವೇರಿನಲ್ಲಿ ಬೇರೆ ಸಾಲು ಬರೆಯಬೇಕು, ಮರೆಯಬೇಡಿ.

ನಿಜವಾದ ತಿರುವು ಕೊಟ್ಟದ್ದು ಹೈ ಸೆಕ್ಯೂರಿಟಿ ನಂಬರ್ ಪ್ಲೇಟು, ಅಂದರೆ ಎಚ್‌ಎಸ್‌ಆರ್‌ಪಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೂ ಅದು ಬೇಕು ಅಂತ ಕರ್ನಾಟಕದಲ್ಲಿ 2023ರಲ್ಲಿ ಆದೇಶ ಬಂತು, ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ನಾವು ಕಾಯಲಿಲ್ಲ. ಎಚ್‌ಎಸ್‌ಆರ್‌ಪಿ ಇದ್ದರೆ ಮಾತ್ರ ಹೊಸ ಪಾರ್ಕಿಂಗ್ ಸ್ಟಿಕ್ಕರ್ ಅಂದೆವು. ಬುಕ್ ಮಾಡಲು ಬಾರದ ಹಿರಿಯರಿಗೆ ಕ್ಲಬ್‌ಹೌಸಿನಲ್ಲಿ ಕೂತು ನಾನೇ ಮಾಡಿಕೊಟ್ಟೆ, ಏಕೆಂದರೆ ನಕಲಿ ಲಿಂಕುಗಳು ಆಗ ತುಂಬಾ ಓಡಾಡುತ್ತಿದ್ದವು. ರಸ್ತೆ ಬದಿಯಲ್ಲಿ ಮಾಡಿಸಿದ ನಕಲಿ ಪ್ಲೇಟುಗಳೂ ಬಂದವು. ಅಶೋಕ ಚಕ್ರದ ಹೊಲೊಗ್ರಾಂ ಮತ್ತು ಎಡಗಡೆಯ ಲೇಸರ್ ಕೋಡ್ ನೋಡಿ ವಾಪಸ್ ಕಳಿಸಿದೆ. ಅಕ್ಷರಗಳೆಲ್ಲ ಒಂದೇ ಥರ ಆದ ಮೇಲೆ ಹಗಲು ಹತ್ತರಲ್ಲಿ ಒಂಬತ್ತೂವರೆ ಗಾಡಿ ಸರಿಯಾಗಿ ಓದತೊಡಗಿತು.

ರಾತ್ರಿ ಉಲ್ಟಾ ಆಯಿತು. ಎಚ್‌ಎಸ್‌ಆರ್‌ಪಿ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಕ್ಯಾಮೆರಾದ ಐಆರ್ ನೇರ ಬಿದ್ದರೆ ಪ್ಲೇಟ್ ಪೂರ್ತಿ ಬಿಳಿ. ಒಳಗಿನ ಐಆರ್ ಆರಿಸಿ, ಹೊರಗೆ ಬೇರೆ ಲೈಟ್ ಕಟ್ಟಿ, ಶಟರ್ 1/500 ಸೆಕೆಂಡಿನ ಹತ್ತಿರ ಕಟ್ಟಿಹಾಕಿದೆ. ಲೈಟ್ ಯಾವ ಎತ್ತರ, ಯಾವ ಓರೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಳೆಗಾಲ ಪೂರ್ತಿ ಗೇಟಿನಲ್ಲಿ ನಿಂತು ಕಂಡುಕೊಂಡದ್ದು. ಎಲೆಕ್ಟ್ರಿಕ್ ಕಾರಿನ ಹಸಿರು ಪ್ಲೇಟಿಗೂ ಒಂದು ಉಪಾಯ ಇದೆ, ಅದೂ ನನ್ನ ಹತ್ತಿರವೇ ಇರಲಿ.

ನಡುವೆ ಫಾಸ್ಟ್ಯಾಗ್ ಓದಿಸುವ ಪ್ರಯೋಗವನ್ನೂ ಮಾಡಿದೆ. ರೀಡರ್ ಒಂದು ತಿಂಗಳಿಗೆ ಬಾಡಿಗೆಗೆ ಸಿಕ್ಕಿತು. ನಿವಾಸಿಗಳಿಗೆ ಚೆನ್ನಾಗಿ ಓಡಿತು. ಆದರೆ ನಮ್ಮ ಗೇಟು ಕಿರಿದು, ಹೊರಗೆ ಹೋಗುವ ಕಾರಿನ ಟ್ಯಾಗ್ ಓದಿ ಒಳಗೆ ಬರುವ ಬೂಮ್ ಎದ್ದುಬಿಡುತ್ತಿತ್ತು. ಪವರ್ ತಗ್ಗಿಸಿದರೆ ಎಸ್‌ಯುವಿಗಳ ಟ್ಯಾಗ್ ಸಿಗದು. ವಾಪಸ್ ಕೊಟ್ಟೆ. ಎರಡು ಗೇಟು ದೂರ ದೂರ ಇರುವವರು ಮಾಡಿ ನೋಡಬಹುದು.

ಮೊದಲ ಮೂರು ತಿಂಗಳಲ್ಲಿ ದಂಡವೇ 40 ಸಾವಿರದ ಮೇಲೆ ಬಂತು. ಈಗ ತಿಂಗಳಿಗೆ ಎರಡು ಸಾವಿರ ದಾಟಿದರೆ ಹೆಚ್ಚು. ಅದು ಕಡಿಮೆಯಾಗಿದ್ದೇ ನನಗೆ ಹೆಮ್ಮೆ. ಫೋಟೋಗಳನ್ನು ಮೂವತ್ತು ದಿನಕ್ಕೆ ಅಳಿಸುತ್ತೇವೆ, ನೋಡುವ ಪಾಸ್‌ವರ್ಡ್ ಇಬ್ಬರ ಹತ್ತಿರ ಮಾತ್ರ ಇದೆ. ಯಾರು ಯಾರ ಮನೆಗೆ ಎಷ್ಟು ಹೊತ್ತಿಗೆ ಬಂದರು ಅನ್ನುವುದು ಕಮಿಟಿಗೆ ಬೇಕಾದ ವಿಷಯವಲ್ಲ. ಇದನ್ನೂ ಬೈಲಾದಲ್ಲೇ ಬರೆಸಿ.

ಇನ್ನು ಉಳಿದಿರುವುದು ಬೈಕು. ಮುಂದಿನ ಪ್ಲೇಟ್ ಚಿಕ್ಕದು, ಅಕ್ಷರವೂ ಚಿಕ್ಕದು, ಕೆಲವರದು ಮೇಲಕ್ಕೆ ಮುಖ ಮಾಡಿರುತ್ತದೆ. ಹಿಂದಿನಿಂದ ಓದಲು ಮೂರನೇ ಕ್ಯಾಮೆರಾ ಕಟ್ಟಿದ್ದೇನೆ, ಇನ್ನೂ ಅರ್ಧದಷ್ಟೇ ಸಿಗುತ್ತಿದೆ. ಯಾರಾದರೂ ಇದನ್ನು ಗೆದ್ದಿದ್ದರೆ ಲೆನ್ಸ್ ಯಾವುದು, ಎಷ್ಟು ದೂರದಿಂದ ಅಂತ ತಿಳಿಸಿ.