ಗುಜರಿ ಅಂಗಡಿಯ ಕಾವಲಿ ಮತ್ತು ಆರು ಗೆಳತಿಯರು

ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಗುಜರಿ ಅಂಗಡಿ ಇದೆ. ಹಳೇ ಪೇಪರ್ ಹಾಕಲು ಹೋಗಿದ್ದೆ. ಮುರಿದ ಫ್ಯಾನು, ಸೈಕಲ್ ಚಕ್ರಗಳ ನಡುವೆ ಒಂದು ಕಾವಲಿ ಕಣ್ಣಿಗೆ ಬಿತ್ತು. ಮೈಯೆಲ್ಲ ತುಕ್ಕು. ಎತ್ತಿ ನೋಡಿದರೆ ಕೈ ಜಗ್ಗುವಷ್ಟು ಭಾರ. ಬೀಡಿನ ಕಾವಲಿ, ಅಂದರೆ ಎರಕದ ಕಬ್ಬಿಣದ್ದು!

ನನ್ನ ತವರು ಪುತ್ತೂರಿನ ಕಡೆ. ಅಜ್ಜಿ ನೀರುದೋಸೆ ಹೊಯ್ಯುತ್ತಿದ್ದದ್ದು ಇಂಥದ್ದೇ ಕಾವಲಿಯಲ್ಲಿ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ನಾನ್‌ಸ್ಟಿಕ್ ತವಾದಲ್ಲೇ ಮಾಡುತ್ತಿದ್ದೆ. ದೋಸೆ ಏಳುತ್ತಿತ್ತು, ಆದರೆ ಅಂಚಿನ ಆ ಜಾಲರಿ ಬರುತ್ತಿರಲಿಲ್ಲ. "ಇದು ಎಷ್ಟಣ್ಣ?" ಎಂದೆ. "ತೂಕಕ್ಕೆ ಕೊಡ್ತೀನಿ ಅಕ್ಕ, ಕೆ.ಜಿ.ಗೆ 60" ಎಂದರು. ಸರಿಯಾಗಿ 3 ಕೆ.ಜಿ. ತೂಗಿತು. 180 ರೂಪಾಯಿ. ಅದೇ ವಾರ ಪಾತ್ರೆ ಅಂಗಡಿಯಲ್ಲಿ ಹೊಸ ಕಾವಲಿಗೆ 900 ಕೇಳಿದ್ದರು.

ಮನೆಗೆ ಬರುವ ಮೊದಲೇ ಫೋಟೊ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. "180ಕ್ಕೆ ಬೀಡಿನ ಕಾವಲಿ" ಎಂದು ಒಂದೇ ಸಾಲು. ಮಂಗಳೂರಿನಲ್ಲಿ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದ ಏಳು ಜನ ನಾವು. ಈಗ ಒಬ್ಬಳು ಉಡುಪಿಯಲ್ಲಿ, ಒಬ್ಬಳು ಶಿವಮೊಗ್ಗದಲ್ಲಿ, ಒಬ್ಬಳು ಹುಬ್ಬಳ್ಳಿಯಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಇನ್ನೊಬ್ಬಳು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಗ್ಗಕ್ಕೆ ಏನು ಸಿಕ್ಕರೂ, ಅಡುಗೆಮನೆಯಲ್ಲಿ ಹೊಸದೇನು ಮಾಡಿದರೂ ಅಲ್ಲಿ ಹಾಕುವುದು ನಮ್ಮ ರೂಢಿ.

ಉಡುಪಿಯವಳು ತಕ್ಷಣ ವಾಯ್ಸ್ ಮೆಸೇಜ್ ಕಳಿಸಿದಳು. "ಬೆರಳಿನ ಗೆಣ್ಣಲ್ಲಿ ಬಡಿದು ನೋಡು ಮಾರಾಯ್ತಿ. ಠಣ್ ಅಂದ್ರೆ ಒಳ್ಳೇದು. ಬೊದ್ ಅಂದ್ರೆ ಎಲ್ಲೋ ಬಿರುಕಿದೆ." ರಸ್ತೆಯಲ್ಲೇ ನಿಂತು ಬಡಿದೆ. ಠಣ್ ಎಂದಿತು.

ಕಾವಲಿಯನ್ನು ಹದಕ್ಕೆ ತರಲು ಒಂದು ವಾರ ಹಿಡಿಯಿತು. ಮೊದಲ ದಿನ ತೆಂಗಿನ ಜುಂಗು, ಮರಳು ಹಾಕಿ ಉಜ್ಜಿದೆ. ಮೇಲಿನ ಪುಡಿ ತುಕ್ಕು ಹೋಯಿತು, ಒಳಗಿನದು ಹೋಗಲಿಲ್ಲ. ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ ಬಳಿದು ಅರ್ಧ ಗಂಟೆ ಬಿಟ್ಟು ಉಜ್ಜಿದಾಗ ಬೂದುಬಣ್ಣದ ಕಬ್ಬಿಣ ಕಾಣಿಸಿತು. ಹುಳಿಗೆ ತುಕ್ಕು ಬಿಡುತ್ತದೆ. ಆದರೆ ರಾತ್ರಿಯಿಡೀ ಹುಳಿ ಬಳಿದಿಟ್ಟರೆ ಕಬ್ಬಿಣವನ್ನೂ ತಿನ್ನುತ್ತದೆ, ಅದಕ್ಕೇ ಅರ್ಧ ಗಂಟೆ. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ ಒಲೆ ಮೇಲಿಟ್ಟು ಒಣಗಿಸಬೇಕು. ಹತ್ತು ನಿಮಿಷ ಹಾಗೇ ಬಿಟ್ಟೆ, ಮತ್ತೆ ಕೆಂಪಗಾಗತೊಡಗಿತು. ಆಮೇಲೆ ಮೂರು ದಿನ ಅನ್ನ ಬಸಿದ ಗಂಜಿ ತುಂಬಿಸಿಟ್ಟೆ, ದಿನಕ್ಕೊಮ್ಮೆ ಬದಲಿಸಿದೆ. ಇದು ಅಜ್ಜಿಯ ಕ್ರಮ.

ಎಣ್ಣೆ ಹಿಡಿಸುವಾಗ ತಪ್ಪು ಮಾಡಿದೆ. ಜಾಸ್ತಿ ಎಣ್ಣೆ ಸವರಿದರೆ ಬೇಗ ಹದವಾಗುತ್ತದೆ ಅಂದುಕೊಂಡಿದ್ದೆ. ಕಾಯಿಸಿ ಆರಿಸಿದಾಗ ಮೈಯೆಲ್ಲ ಅಂಟು ಅಂಟು. ಅದನ್ನು ತೆಗೆಯಲು ಮತ್ತೆ ಒಂದು ದಿನ ಉಜ್ಜಿದೆ. ಎರಡನೇ ಸಲ ನಾಲ್ಕು ಹನಿ ಎಣ್ಣೆ ಹಾಕಿ ಹಚ್ಚಿದೆ, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಟ್ಟೆ. ಎಣ್ಣೆಯೇ ಇಲ್ಲವೇನೋ ಅನ್ನಿಸಬೇಕು, ಅಷ್ಟು. ಹೊಗೆಯಾಡುವವರೆಗೆ ಕಾಯಿಸಿ, ಆರಲು ಬಿಟ್ಟು, ಮತ್ತೆ ಅದೇ ಕೆಲಸ. ಹೀಗೆ ಐದು ಸಲ. ತೆಳ್ಳಗೆ ಸವರಿದ ಎಣ್ಣೆ ಆ ಬಿಸಿಗೆ ಒಣಗಿ ಗಟ್ಟಿ ಪದರವಾಗುತ್ತದೆ. ದೋಸೆ ಏಳುವುದು ಆ ಪದರದಿಂದ. ಐದನೇ ಸಲಕ್ಕೆ ಕಾವಲಿ ಕಪ್ಪಗೆ ಮಿಂಚಿತು.

ಮರುದಿನ ಬೆಳಿಗ್ಗೆ ನೀರುದೋಸೆ. 2 ಲೋಟ ಸೋನಾ ಮಸೂರಿ ರಾತ್ರಿ ನೆನೆಸಿದ್ದೆ. ಒಂದು ಹಿಡಿ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿದೆ. ಹುಳಿ ಬರಿಸುವ ಕೆಲಸವೇ ಇಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜಿ, ಚೆನ್ನಾಗಿ ಕಾದ ಮೇಲೆ ಅಂಚಿನಿಂದ ನಡುವಿಗೆ ಹಿಟ್ಟು ಹೊಯ್ದೆ. ಚುಂಯ್ ಎಂದು ತೂತು ತೂತಾಗಿ ಹರಡಿತು. ಮೊದಲನೆಯದು ಅಂಟಿತು, ಎರಡನೆಯದು ಅಂಚಲ್ಲಿ ಹರಿಯಿತು. ಮೂರನೆಯದು ತಾನಾಗಿ ಎದ್ದು ಬಂತು. ಹಿಟ್ಟು ತಳಕ್ಕೆ ಇಳಿಯುತ್ತಿರುತ್ತದೆ, ಪ್ರತಿ ಸಲ ಸೌಟಿನಲ್ಲಿ ಕದಡಿ ಹೊಯ್ಯಬೇಕು. ಎರಡನೆಯದನ್ನು ನಾನು ಕದಡಿರಲಿಲ್ಲ.

ಆ ಮೂರನೇ ದೋಸೆಯ ಫೋಟೊ ಗುಂಪಿಗೆ ಹೋಯಿತು. ತುಕ್ಕು ತೆಗೆದದ್ದು, ಎಣ್ಣೆ ಹಿಡಿಸಿದ್ದು ಎಲ್ಲ ಬರೆದು ಕಳಿಸಿದೆ. ಎಲ್ಲರೂ ಮೆಚ್ಚಿದರು. ಎರಡು ವಾರದಲ್ಲಿ ಶಿವಮೊಗ್ಗದವಳು ಅಲ್ಲಿನ ಗುಜರಿಯಲ್ಲಿ ಹುಡುಕಿ 150ಕ್ಕೆ ಒಂದು ಕಾವಲಿ ತಂದಳು. ನಾನು ಬರೆದಂತೆ ಒಂದೊಂದೇ ಮಾಡಿದಳು. ಮೊದಲ ದಿನವೇ ದೋಸೆ ಚೆನ್ನಾಗಿ ಬಂತು. ದೋಸೆ ಮುಗಿದ ಮೇಲೆ ಬಿಸಿ ಕಾವಲಿಯನ್ನು ಸಿಂಕಿಗೆ ಒಯ್ದು ನಲ್ಲಿ ತಿರುಗಿಸಿದಳು. ಟಪ್ ಎಂದು ಅಂಚಿನಿಂದ ನಡುವಿನವರೆಗೆ ಸೀಳು ಬಿಟ್ಟಿತು.

ಬೀಡಿನ ಕಬ್ಬಿಣದಲ್ಲಿ ಇಂಗಾಲ ಜಾಸ್ತಿ. ಅದಕ್ಕೇ ಅದು ಪೆಡಸು, ತಗಡಿನ ಹಾಗೆ ಬಗ್ಗುವುದಿಲ್ಲ. ಕಾದಿರುವಾಗ ಒಂದು ಕಡೆ ತಣ್ಣೀರು ಬಿದ್ದರೆ ಅಷ್ಟು ಭಾಗ ಥಟ್ಟನೆ ಕುಗ್ಗಿ ಸೀಳಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಬರೆದಿರಲಿಲ್ಲ. ಅಜ್ಜಿ ಮನೆಯಲ್ಲಿ ಕಾವಲಿಗೆ ಬಿಸಿ ಇರುವಾಗ ನೀರು ತಾಗಿಸುವವರೇ ಇರಲಿಲ್ಲ, ಹಾಗಾಗಿ ಹೇಳಬೇಕಾದ ಮಾತು ಅಂತ ಹೊಳೆಯಲೇ ಇಲ್ಲ. ಅವಳು ನನ್ನನ್ನು ಬೈಯಲಿಲ್ಲ. "ಹೋಗಲಿ ಬಿಡೇ, 150 ತಾನೆ" ಎಂದಳು. ಆದರೆ ಅವಳ ಒಂದು ವಾರದ ದುಡಿಮೆ ನನ್ನ ಕಣ್ಣ ಮುಂದೆಯೇ ಇತ್ತು. ನನಗೆ ತುಂಬಾ ಬೇಜಾರಾಯಿತು.

ಅಲ್ಲಿಂದ ನಾನು ಗುಂಪಿಗೆ ಬರೆಯುವ ರೀತಿ ಬದಲಾಯಿತು. ಕೊಂಡ ದಿನವೇ ಹಾಕುವುದನ್ನು ಬಿಟ್ಟೆ. ಎರಡು ಸಲ ಬಳಸಿ, ತೊಳೆದು, ಎತ್ತಿಟ್ಟು ನೋಡಿದ ಮೇಲೆಯೇ ಬರೆಯುತ್ತೇನೆ. ಬೆಲೆಯ ಜೊತೆ ತೂಕ ಹಾಕುತ್ತೇನೆ. ಫೋಟೊದಲ್ಲಿ ಪಕ್ಕಕ್ಕೆ ಒಂದು ಸ್ಟೀಲ್ ಲೋಟ ಇಡುತ್ತೇನೆ, ಗಾತ್ರ ತಿಳಿಯಲಿ ಅಂತ. ಹಾಳಾದ ಮೊದಲ ದೋಸೆಯ ಫೋಟೊ ಕೂಡ ಹೋಗುತ್ತದೆ, ಅದು ಯಾಕೆ ಹಾಳಾಯಿತು ಎನ್ನುವುದರ ಜೊತೆಗೆ. ಚೆನ್ನಾಗಿ ಬಂದದ್ದನ್ನು ಮಾತ್ರ ನೋಡಿದವಳು ತನ್ನ ಮೊದಲ ದೋಸೆ ಅಂಟಿದಾಗ ಕಾವಲಿಯನ್ನೇ ಮೂಲೆಗೆ ಹಾಕಿಬಿಡುತ್ತಾಳೆ ಅಲ್ವಾ?

ಅಗ್ಗ ಎನ್ನುವ ಮಾತನ್ನೂ ಈಗ ಲೆಕ್ಕ ಹಾಕಿಯೇ ಬರೆಯುತ್ತೇನೆ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ದಾಟಿದ್ದು ಎಲ್ಲರಿಗೂ ನೆನಪಿರಬೇಕು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಬೆಳೆದವರ ಹೊಟ್ಟೆ ಉರಿಯುವ ಬೆಲೆ ಅದು, ಅಂಥ ದಿನ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಬಂಡಿಪಾಳ್ಯದ ಎಪಿಎಂಸಿ ಕಡೆ ಹೋಗಿದ್ದಾಗ 5 ಕೆ.ಜಿ. ತಂದು ತೊಕ್ಕು ಮಾಡಿದೆ. ಟೊಮೆಟೊದಲ್ಲಿ ಹೆಚ್ಚಿನ ಪಾಲು ನೀರೇ. ಬತ್ತಿಸಿ ಬತ್ತಿಸಿ ಕೊನೆಗೆ ಉಳಿದದ್ದು ಒಂದೂಕಾಲು ಕೆ.ಜಿ. ಎರಡು ಗಂಟೆಗೂ ಜಾಸ್ತಿ ಒಲೆ ಉರಿಯಿತು. ಅದಕ್ಕೆ ಹಿಡಿದ ಎಣ್ಣೆ, ಬ್ಯಾಡಗಿ ಮೆಣಸಿನಪುಡಿ, ಗ್ಯಾಸು ಎಲ್ಲ ಸೇರಿಸಿದರೆ ಟೊಮೆಟೊದ ದುಡ್ಡಿಗಿಂತ ಉಳಿದದ್ದರ ಖರ್ಚೇ ಜಾಸ್ತಿ. ಇದನ್ನೆಲ್ಲ ಹಾಗೇ ಬರೆದು ಕಳಿಸಿದೆ. ಹುಬ್ಬಳ್ಳಿಯವಳು ಓದಿ, ತಾನು 10 ಕೆ.ಜಿ. ತರಬೇಕೆಂದಿದ್ದವಳು 3 ಕೆ.ಜಿ. ತಂದಳು. ಪ್ಯಾಕೆಟ್ ಸಾಮಾನಿಗೂ ಹೀಗೇ. ಈಗ ಪ್ಯಾಕೆಟ್ಟಿನ ಮೇಲೆ ಒಂದು ಗ್ರಾಂಗೆ ಎಷ್ಟು ಬೆಲೆ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಆಫರ್ ಬೋರ್ಡಿನ ಬದಲು ಅದರ ಫೋಟೊ ಹಾಕುತ್ತೇವೆ.

ಒಮ್ಮೆ ನಾನು ಹಾಕಿದ್ದನ್ನು ಬೆಂಗಳೂರಿನವರಿಬ್ಬರಲ್ಲಿ ಒಬ್ಬಳು ತಡೆದಳು. ಅಗ್ಗಕ್ಕೆ ಸಿಕ್ಕ ಬೆಳ್ಳುಳ್ಳಿಯನ್ನು ಸುಲಿದು, ಬಾಟಲಿಯಲ್ಲಿ ಎಣ್ಣೆ ತುಂಬಿ ಮುಳುಗಿಸಿ ಶೆಲ್ಫಿನಲ್ಲಿಟ್ಟಿದ್ದೆ. ಅವಳು ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. "ಮೊದಲು ಅದನ್ನು ಚೆಲ್ಲು, ಆಮೇಲೆ ಮಾತಾಡೋಣ" ಎಂದಳು. ಹಸಿ ಬೆಳ್ಳುಳ್ಳಿಯಲ್ಲಿ ಹುಳಿ ಕಮ್ಮಿ, ಎಣ್ಣೆಯೊಳಗೆ ಗಾಳಿ ಇಲ್ಲ. ಬೊಟುಲಿಸಂ ಎಂಬ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಅಂಥಲ್ಲಿಯೇ. ಅದರ ವಿಷ ಜೀವಕ್ಕೇ ಅಪಾಯ, ವಾಸನೆಯಲ್ಲಿ ಗೊತ್ತಾಗಲೇಬೇಕು ಅಂತಿಲ್ಲ. ಹಾಗೆ ಮಾಡಲೇಬೇಕಾದರೆ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು ಎಂದಳು. ಚೆಲ್ಲಿದೆ. ಉಳಿದವರಿಗೂ ಆಗಲೇ ಫೋನ್ ಮಾಡಿ ಹೇಳಿದೆ. ಮೆಸೇಜ್ ಯಾರು ಯಾವಾಗ ನೋಡುತ್ತಾರೋ ಗೊತ್ತಿಲ್ಲವಲ್ಲ.

ಮ್ಯೂನಿಕ್‌ನವಳಿಗೆ ನಮ್ಮ ಕಾವಲಿ ಆಗುವುದಿಲ್ಲ. ಅವಳ ಒಲೆ ಗಾಜಿನದು, ಸಪಾಟು. ನಮ್ಮ ಕಾವಲಿಯ ತಳ ಸ್ವಲ್ಪ ಗುಂಡಗೆ, ಅಲ್ಲಿ ನಡುವೆ ಮಾತ್ರ ತಾಗುತ್ತದೆ. ಅವಳು ತಳ ಸಪಾಟಾದದ್ದನ್ನು ಅಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಿಕೊಂಡಳು. ಅವಳು ನಮಗೆ ಕಲಿಸಿದ್ದು ಇನ್ನೊಂದು. ಚಳಿಗೆ ಇಡ್ಲಿ ಹಿಟ್ಟು ಉಬ್ಬದಿದ್ದರೆ ಓವನ್ ಹಚ್ಚದೆ ಅದರೊಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಡುವುದು. ಡಿಸೆಂಬರಿನಲ್ಲಿ ಬೆಂಗಳೂರಿನವರಿಬ್ಬರೂ ಈಗ ಹಾಗೇ ಮಾಡುತ್ತಾರೆ.

ಕಳೆದ ತಿಂಗಳು ಮತ್ತೆ ಪೇಪರ್ ಹಾಕಲು ಹೋದೆ. ಗುಜರಿಯ ಅಣ್ಣ ನನ್ನನ್ನು ನೋಡಿದ ಕೂಡಲೇ ಒಳಗಿನಿಂದ ಒಂದು ಕಾವಲಿ ತಂದಿಟ್ಟರು. "ನಿಮಗೇ ಅಂತ ಎತ್ತಿಟ್ಟಿದ್ದೆ ಅಕ್ಕ." 2 ಕೆ.ಜಿ. 800 ಗ್ರಾಂ, ಅಂಚು ಪೂರ್ತಿ, ತುಕ್ಕು ಮೇಲ್ಮೇಲೆ. ಪಕ್ಕಕ್ಕೆ ಅವರ ಚಹಾದ ಲೋಟ ಇಟ್ಟು ಫೋಟೊ ತೆಗೆದೆ. ಆಮೇಲೆ ಫೋನನ್ನು ಹತ್ತಿರ ಹಿಡಿದು ಗೆಣ್ಣಿನಿಂದ ಮೂರು ಸಲ ಬಡಿದು, ಆ ಸದ್ದನ್ನು ಶಿವಮೊಗ್ಗದವಳಿಗೆ ಕಳಿಸಿದೆ.

ಎರಡೇ ನಿಮಿಷಕ್ಕೆ ಉತ್ತರ ಬಂತು. "ಠಣ್ ಅಂತು ಕಣೇ. ತಗೋ."